ಎಂಟನೇ ಕ್ಲಾಸಿನ ಸೈಕಲ್ಲು ವಾಪಸ್ ಕೊಡಿ: ಉಡಿಗಾಲದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಮಾನ್ಯ ಶಾಲಾ ಶಿಕ್ಷಣ ಸಚಿವರು,
ಮಾನ್ಯ ಚಾಮರಾಜನಗರ ಜಿಲ್ಲಾ ಉಸ್ತುವಾರಿ ಸಚಿವರು

ವಿಷಯ: ನಿಂತುಹೋದ ಸೈಕಲ್ ವಿತರಣೆಯನ್ನು ಮತ್ತೆ ಆರಂಭಿಸುವುದು ಮತ್ತು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಊರಿನ ಸೈಕಲ್ಲುಗಳನ್ನು ಇಡುವ ಬಗ್ಗೆ

ಮಾನ್ಯರೇ,

ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ 2006-07ರಿಂದ ಸಿಗುತ್ತಿದ್ದ ಸೈಕಲ್ಲು ಕೋವಿಡ್ ಕಾಲದಲ್ಲಿ ನಿಂತಿತು. ಆಗ ಶಾಲೆಗಳೇ ಮುಚ್ಚಿದ್ದವು, ಊರುಗಳಲ್ಲಿ ಸಾವಿನ ಸುದ್ದಿ ತುಂಬಿತ್ತು. ಸೈಕಲ್ಲು ಎಲ್ಲಿ ಎಂದು ಯಾರೂ ಕೇಳಲಿಲ್ಲ, ಕೇಳುವ ಹೊತ್ತೂ ಅದಾಗಿರಲಿಲ್ಲ. ಆಮೇಲೆ ಶಾಲೆಯ ಬಾಗಿಲು ತೆರೆಯಿತು. ಬಿಸಿಯೂಟ ಬಂತು, ಹಾಲು ಬಂತು, ಮೊಟ್ಟೆ ಬಂತು. ಸೈಕಲ್ಲು ಬರಲಿಲ್ಲ. ಒಂದು ವರ್ಷದ ಮಟ್ಟಿಗೆ ನಿಂತದ್ದು ಹಾಗೆಯೇ ನಿಂತುಬಿಟ್ಟಿದೆ.

ನಾನು ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತನಾದವನು. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಪೇಟೆಗಳನ್ನು ನಂಬಿ ಬದುಕುವ ಉಡಿಗಾಲದಲ್ಲಿ ಈಗ ನೆಲೆಸಿದ್ದೇನೆ. ಸೈಕಲ್ಲು ಬರುತ್ತಿದ್ದ ವರ್ಷಗಳನ್ನೂ ಬಾರದ ವರ್ಷಗಳನ್ನೂ ಕಂಡವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಇದು ಮಕ್ಕಳಿಗೆ ಕೊಡುತ್ತಿದ್ದ ಉಡುಗೊರೆ ತಪ್ಪಿತೆಂಬ ದೂರಲ್ಲ. ನಮ್ಮ ಕಡೆ ಒಬ್ಬರ ಕಾಲು ಎಷ್ಟು ದೂರ ಹೋಗಬಹುದು ಎನ್ನುವುದನ್ನು ಜಾತಿ ಮತ್ತು ಬಡತನ ಸೇರಿ ತೀರ್ಮಾನ ಮಾಡುತ್ತಿದ್ದವು. ಆ ತೀರ್ಮಾನವನ್ನು ಸ್ವಲ್ಪವಾದರೂ ಅಲುಗಿಸಿದ್ದ ಒಂದು ಸರ್ಕಾರಿ ಯೋಜನೆಯನ್ನು ನೀವು ಕೈಬಿಟ್ಟಿದ್ದೀರಿ ಎಂಬುದು ನನ್ನ ದೂರು.

ಯಾರು ನಡೆಯುತ್ತಾರೆ ಎಂದು ನೋಡಿ. ಬೆಳಿಗ್ಗೆ ಎಂಟೂವರೆಗೆ ನಮ್ಮ ಕಡೆಯ ಯಾವುದೇ ರಸ್ತೆಯಲ್ಲಿ ನಿಂತರೆ ಕಾಣುತ್ತದೆ. ಹಳದಿ ಬಣ್ಣದ ಖಾಸಗಿ ಶಾಲೆಯ ಬಸ್ಸು ಊರ ಮುಂದಿನ ಮನೆಗಳ ಮಕ್ಕಳನ್ನು ಬಾಗಿಲಿಂದಲೇ ಹತ್ತಿಸಿಕೊಂಡು ಹೋಗುತ್ತದೆ. ತೋಟ, ಕೊಳವೆಬಾವಿ ಇರುವ ಮನೆಯ ಹುಡುಗ ಅಪ್ಪನ ಬೈಕಿನ ಹಿಂದೆ ಕೂತು ಹೋಗುತ್ತಾನೆ. ಉಳಿದವರು ಬ್ಯಾಗು ಬೆನ್ನಿಗೆ ಹಾಕಿಕೊಂಡು ರಸ್ತೆಯ ಅಂಚು ಹಿಡಿಯುತ್ತಾರೆ. ಅವರ ಮನೆ ಎಲ್ಲಿ ಎಂದು ಕೇಳಿದರೆ ಕಾಲೊನಿ ಅನ್ನುತ್ತಾರೆ, ನಾಯಕರ ಬೀದಿ ಅನ್ನುತ್ತಾರೆ, ಉಪ್ಪಾರ ಬೀದಿ ಅನ್ನುತ್ತಾರೆ, ಕಾಡಂಚಿನ ಹಾಡಿ ಅನ್ನುತ್ತಾರೆ. ಅಪ್ಪ ಕರಿಕಲ್ಲು ಕ್ವಾರಿಗೆ ಹೋಗುವವನು, ಅವ್ವ ಅರಿಸಿನ ಕೀಳಲು, ಸಣ್ಣ ಈರುಳ್ಳಿ ಕೀಳಲು, ಚೆಂಡು ಹೂ ಬಿಡಿಸಲು ಕೂಲಿಗೆ ಹೋಗುವವಳು. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಜನರಲ್ಲಿ ಕಾಲು ಭಾಗ ಪರಿಶಿಷ್ಟ ಜಾತಿಯವರು, ನೂರಕ್ಕೆ ಸುಮಾರು 12 ಮಂದಿ ಪರಿಶಿಷ್ಟ ಪಂಗಡದವರು. ಅದೇ ಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದರೆ ನಮ್ಮದು ಶೇ 61ರ ಹತ್ತಿರ ಇತ್ತು, ಹೆಂಗಸರದು ಶೇ 55 ಕೂಡ ಮುಟ್ಟಿರಲಿಲ್ಲ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ ಮೇಲೂ ನಾವು ಓದಿನಲ್ಲಿ ಇಷ್ಟು ಹಿಂದೆ ಉಳಿದದ್ದಕ್ಕೆ ಕಾರಣಗಳು ಹಲವಿವೆ. ಅದರಲ್ಲಿ ಒಂದು, ಶಾಲೆಗೂ ಮನೆಗೂ ನಡುವಿನ ದಾರಿ.

ಊರಿನ ಶಾಲೆ ಏಳನೇ ತರಗತಿಗೆ ಮುಗಿಯುವ ಹಳ್ಳಿಗಳೇ ಹೆಚ್ಚು. ಎಂಟಕ್ಕೆ ಮಗು ಪಕ್ಕದೂರಿಗೆ ಹೋಗಬೇಕು. ಐದು ಕಿಲೋಮೀಟರ್ ಒಳಗೆ ಒಂದು ಪ್ರೌಢಶಾಲೆ ಇರಬೇಕೆಂಬುದು 2009ರಲ್ಲಿ ಬಂದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಅಳತೆ. ಕಡತದಲ್ಲಿ ಅದು ಹತ್ತಿರದ ಶಾಲೆ. ಹದಿಮೂರು ವರ್ಷದ ಹುಡುಗಿಗೆ ಅದು ಹೋಗಲು ಒಂದು ಗಂಟೆಗೂ ಮೇಲೆ, ಬರಲು ಒಂದು ಗಂಟೆಗೂ ಮೇಲೆ. ಸೈಕಲ್ಲಿನಲ್ಲಿ ಇದೇ ದಾರಿ ಇಪ್ಪತ್ತೈದು ನಿಮಿಷ. ಉಳಿದ ಸಮಯದಲ್ಲಿ ಆ ಮಗು ಮನೆಗೆ ನೀರು ತರುತ್ತದೆ, ತಮ್ಮನನ್ನು ನೋಡಿಕೊಳ್ಳುತ್ತದೆ, ಲೆಕ್ಕ ಮಾಡುತ್ತದೆ, ಒಂದಷ್ಟು ಹೊತ್ತು ಆಡುತ್ತದೆ. ನಡೆದು ಬಂದ ಮಕ್ಕಳು ಮೊದಲ ಪೀರಿಯಡ್ಡಿನಲ್ಲಿ ಕೂತಲ್ಲೇ ತೂಕಡಿಸುವುದನ್ನು ನಾನು ಕಂಡಿದ್ದೇನೆ. ಅವರನ್ನು ಎಬ್ಬಿಸಲು ಮನಸ್ಸಾಗುತ್ತಿರಲಿಲ್ಲ. ಮಾದಪ್ಪನ ಬೆಟ್ಟಕ್ಕೆ ನಮ್ಮವರು ಬರಿಗಾಲಲ್ಲಿ ನಡೆಯುತ್ತಾರೆ, ಅದು ಹರಕೆ. ಎಂಟನೇ ತರಗತಿಗೆ ನಡೆಯುವುದು ಯಾರು ಹೊತ್ತ ಹರಕೆ?

ಹೆಣ್ಣುಮಕ್ಕಳ ವಿಷಯ ಇನ್ನೂ ಕಷ್ಟ. ಮಗಳು ದೊಡ್ಡವಳಾದ ಮೇಲೆ ಅಷ್ಟು ದೂರ ಒಬ್ಬಳೇ ಹೇಗೆ ಕಳಿಸುವುದು ಸಾ ಎಂದು ಕೇಳಿದ ತಂದೆತಾಯಿಗಳು ಕೆಟ್ಟವರಲ್ಲ. ಕೂಲಿ ಬಿಟ್ಟು ಮಗಳ ಜೊತೆ ನಡೆಯಲು ಅವರಿಗೆ ಆಗುವುದಿಲ್ಲ. ಮೊದಲು ವಾರಕ್ಕೆರಡು ದಿನ ತಪ್ಪುತ್ತದೆ, ಆಮೇಲೆ ಹೂ ಬಿಡಿಸುವ ಕಾಲದಲ್ಲಿ ಹದಿನೈದು ದಿನ ತಪ್ಪುತ್ತದೆ, ಆಮೇಲೆ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಹುಡುಗಿ ಇರುವುದಿಲ್ಲ. ಸೈಕಲ್ಲಿದ್ದಾಗ ನಾಲ್ಕೈದು ಹುಡುಗಿಯರು ಗುಂಪು ಕಟ್ಟಿಕೊಂಡು ಒಟ್ಟಿಗೆ ಬರುತ್ತಿದ್ದರು. ಕಾಲೊನಿಯ ಹುಡುಗಿ, ಊರೊಳಗಿನ ಹುಡುಗಿ ಎನ್ನದೆ ಒಂದೇ ಬಣ್ಣದ, ಒಂದೇ ಅಳತೆಯ ಸೈಕಲ್ಲುಗಳಲ್ಲಿ ಅಕ್ಕಪಕ್ಕ ಬರುತ್ತಿದ್ದರು. ನಮ್ಮ ಕಡೆ ಹಾಗೆ ಅಕ್ಕಪಕ್ಕ ಬರುವುದಕ್ಕೆ ಇರುವ ಬೆಲೆ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮದೇ ತಾಲ್ಲೂಕಿನ ಹೆಗ್ಗೋಠಾರದಲ್ಲಿ 2022ರ ನವೆಂಬರ್‌ನಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನೀರು ಕುಡಿದರೆಂದು ಅಷ್ಟೂ ನೀರನ್ನು ಹರಿಯಬಿಟ್ಟು ಗೋಮೂತ್ರ ಹಾಕಿ ತೊಳೆದ ಸುದ್ದಿ ರಾಜ್ಯವೆಲ್ಲ ಓದಿತು. ಅಂಥ ನೆಲದಲ್ಲಿ ಬದುಕುತ್ತಿದ್ದೇವೆ.

ಚಕ್ರಕ್ಕೂ ಜಾತಿಗೂ ಇರುವ ನಂಟು ಹಳೆಯದು. ದಕ್ಷಿಣ ಭಾರತದ ಎಷ್ಟೋ ಹಳ್ಳಿಗಳಲ್ಲಿ ದಲಿತರು ಮೇಲ್ಜಾತಿಯವರ ಬೀದಿ ಬಂದಾಗ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಬಾಬಾಸಾಹೇಬ್ ಅಂಬೇಡ್ಕರ್ 1929ರಲ್ಲಿ ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರಾಗಿ ಹೋಗಿದ್ದಾಗ ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಅವರನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಟಾಂಗಾ ಓಡಿಸಿ ಅಭ್ಯಾಸವಿಲ್ಲದ ತಮ್ಮವರೇ ಒಬ್ಬರು ಓಡಿಸಿದರು, ಮೋರಿಯ ಹತ್ತಿರ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು. ಬ್ಯಾರಿಸ್ಟರ್ ಆದವರಿಗೂ ಬಾಡಿಗೆ ಗಾಡಿ ಸಿಗಲಿಲ್ಲ. ದೂರದ ಅಮೆರಿಕದಲ್ಲೂ ಬೇರೆ ಕಥೆಯಲ್ಲ. ಅಲ್ಲಿನ ಸೈಕಲ್ ಸವಾರರ ದೊಡ್ಡ ಸಂಘ 1894ರಲ್ಲಿ ಕರಿಯರಿಗೆ ಸದಸ್ಯತ್ವವಿಲ್ಲ ಎಂದು ನಿಯಮ ಮಾಡಿತು. ಐದೇ ವರ್ಷದಲ್ಲಿ, 1899ರಲ್ಲಿ, ಮೇಜರ್ ಟೇಲರ್ ಎಂಬ ಕರಿಯ ಯುವಕ ಮಾಂಟ್ರಿಯಲ್‌ನಲ್ಲಿ ಸೈಕಲ್ ಸ್ಪ್ರಿಂಟ್‌ನ ವಿಶ್ವ ಚಾಂಪಿಯನ್ ಆದ. ಸವಾರಿ ಯಾರ ಹಕ್ಕು ಎಂಬ ಜಗಳ ಎಲ್ಲ ಕಡೆಯೂ ಸಮಾನತೆಯ ಜಗಳವೇ ಆಗಿತ್ತು.

ಈಗ ನಮ್ಮ ಗಡಿಯಾಚೆ ನೋಡಿ. ಚಾಮರಾಜನಗರದಿಂದ ತೆಂಕಣಕ್ಕೆ ಹೋದರೆ ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ. ಅಲ್ಲಿಯ ಜನ ಮನೆಯಲ್ಲಿ ಮಾತಾಡುವುದು ನಮ್ಮದೇ ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅಲ್ಲಿಯೇ. ನಮಗೂ ಅವರಿಗೂ ನೆಂಟಸ್ತಿಕೆ ಇದೆ, ಹೆಣ್ಣು ಕೊಟ್ಟು ತಂದುಕೊಳ್ಳುತ್ತೇವೆ. ತಮಿಳುನಾಡು ಸರ್ಕಾರ 2001-02ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳಿಗೆ 11ನೇ ತರಗತಿಯಲ್ಲಿ ಸೈಕಲ್ಲು ಕೊಡಲು ಆರಂಭಿಸಿತು, ಆಮೇಲೆ ಉಳಿದ ಮಕ್ಕಳಿಗೂ ವಿಸ್ತರಿಸಿತು. ಅಲ್ಲಿ ಪಕ್ಷ ಬದಲಾಯಿತು, ಮುಖ್ಯಮಂತ್ರಿ ಬದಲಾದರು, ಕೋವಿಡ್ ಅಲ್ಲಿಗೂ ಬಂತು. ಯೋಜನೆ ಮಾತ್ರ ಉಳಿಯಿತು. ತಾಳವಾಡಿಯ ಸೋದರಮಾವನ ಮಗಳಿಗೆ ಸರ್ಕಾರದ ಸೈಕಲ್ಲು ಸಿಗುವಾಗ ಇಲ್ಲಿನ ಸೋದರತ್ತೆಯ ಮಗಳಿಗೆ ಯಾಕೆ ಸಿಗುವುದಿಲ್ಲ ಎಂದು ಕೇಳಿದರೆ ನಾವು ಏನು ಉತ್ತರ ಹೇಳಬೇಕು?

ಬಿಹಾರವನ್ನು ನಾವು ಹಿಂದುಳಿದ ರಾಜ್ಯವೆಂದು ಸಲೀಸಾಗಿ ಹೇಳುತ್ತೇವೆ. ನಾವು ಶುರು ಮಾಡಿದ 2006ರಲ್ಲೇ ಅವರೂ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ಲಿನ ಯೋಜನೆ ತಂದರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿ ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ 32ರಷ್ಟು ಏರಿತ್ತು. ಗಂಡು ಹೆಣ್ಣಿನ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಶಾಲೆಯಿಂದ ಮೂರು ಕಿಲೋಮೀಟರ್‌ಗಿಂತ ದೂರದ ಹಳ್ಳಿಗಳಲ್ಲೇ ಈ ಏರಿಕೆ ಹೆಚ್ಚಾಗಿ ಕಂಡಿತ್ತು. ಅಂದರೆ ಸೈಕಲ್ಲು ಕೆಲಸ ಮಾಡಿದ್ದು ದೂರವನ್ನು ಕಡಿಮೆ ಮಾಡಿ. ದೂರವೇ ನಮ್ಮ ಕಾಯಿಲೆ.

ನಿಮ್ಮಿಂದ ಬರುವ ಉತ್ತರ ಏನೆಂದು ನನಗೆ ಗೊತ್ತಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಲ್ಲವೇ ಎನ್ನುತ್ತೀರಿ. ಉಚಿತ ಹೌದು, ಅದಕ್ಕೆ ನಾವು ಋಣಿಗಳು. ನಮ್ಮ ಹೆಂಗಸರು ಆಸ್ಪತ್ರೆಗೆ, ತವರಿಗೆ, ಸಂತೆಗೆ ಕೈಯಲ್ಲಿ ಕಾಸಿಲ್ಲದೆಯೂ ಹೋಗಿಬರುತ್ತಿರುವುದು ಸಣ್ಣ ಮಾತಲ್ಲ. ಆದರೆ ಬಸ್ಸು ಉಚಿತವಾದರೆ ಸಾಲದು, ಬರಬೇಕು. ಮುಖ್ಯರಸ್ತೆಯಿಂದ ಒಳಗಿರುವ ಹಳ್ಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಂದರೆ ಹೆಚ್ಚು, ಅದೂ ಶಾಲೆಯ ಹೊತ್ತಿಗಲ್ಲ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರದೆ ಹುಡುಗರು ಬಾಗಿಲಲ್ಲಿ ನೇತಾಡುತ್ತಾರೆ. ಗಂಡುಮಕ್ಕಳಿಗೆ ಶಕ್ತಿಯೂ ಇಲ್ಲ. ಬಸ್ಸಿಗೆ ಬದಲಾಗಿ ಸೈಕಲ್ಲು ಕೊಡಿ ಎಂದು ನಾನು ಕೇಳುತ್ತಿಲ್ಲ. ಬಸ್ಸು ಮುಟ್ಟದ ಕಡೆಯಿಂದ ಬಸ್ಸು ನಿಲ್ಲುವ ಕಡೆಗೆ ಬರಲಾದರೂ ಒಂದು ಸೈಕಲ್ಲು ಬೇಕು.

ಹಣದ ಮಾತು. ಯೋಜನೆ ನಡೆಯುತ್ತಿದ್ದಾಗ ವರ್ಷಕ್ಕೆ ಸುಮಾರು 5 ಲಕ್ಷ ಮಕ್ಕಳಿಗೆ ಸೈಕಲ್ಲು ಸಿಗುತ್ತಿತ್ತು. ಒಂದಕ್ಕೆ 5,000 ರೂಪಾಯಿ ಎಂದೇ ಹಿಡಿಯಿರಿ, 250 ಕೋಟಿ ಆಯಿತು. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ. ನೂರು ರೂಪಾಯಿಯಲ್ಲಿ ಆರು ಪೈಸೆ. 2025ರ ಏಪ್ರಿಲ್‌ನಲ್ಲಿ ನೀವೆಲ್ಲ ಮಲೆ ಮಹದೇಶ್ವರ ಬೆಟ್ಟದಲ್ಲಿ, ಅಂದರೆ ನಮ್ಮ ಮಾದಪ್ಪನ ಬೆಟ್ಟದಲ್ಲಿ, ಸಚಿವ ಸಂಪುಟ ಸಭೆ ನಡೆಸಿ ಈ ಭಾಗಕ್ಕೆ ಸಾವಿರಾರು ಕೋಟಿಯ ಕಾಮಗಾರಿ ಪ್ರಕಟಿಸಿದಿರಿ. ಅದರಲ್ಲಿ ಈ ಆರು ಪೈಸೆಗೂ ಜಾಗವಿರಬೇಕಿತ್ತು.

ಹಳೆಯ ಯೋಜನೆಯಲ್ಲಿ ದೋಷವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕೆಲವು ವರ್ಷ ಬಂದ ಸೈಕಲ್ಲುಗಳು ತೀರಾ ಕಳಪೆ. ತಿಂಗಳೊಳಗೆ ರಿಮ್ಮು ಸೊಟ್ಟಗಾಗುತ್ತಿತ್ತು, ಕಡ್ಡಿ ಮುರಿಯುತ್ತಿತ್ತು, ಬ್ರೇಕಿನ ರಬ್ಬರು ಹಿಡಿಯುತ್ತಲೇ ಇರಲಿಲ್ಲ. ಶಾಲೆಯ ಮೈದಾನದಲ್ಲಿ ಅವಸರವಾಗಿ ಜೋಡಿಸಿ ಹೋಗುತ್ತಿದ್ದರು, ನಟ್ಟು ಬಿಗಿಯಾಗಿದೆಯೇ ಎಂದು ನೋಡುವವರಿರಲಿಲ್ಲ. ಜೂನ್‌ನಲ್ಲಿ ಬರಬೇಕಾದದ್ದು ಡಿಸೆಂಬರ್‌ಗೆ ಬರುತ್ತಿತ್ತು, ಮಗು ಅಷ್ಟರಲ್ಲಿ ಅರ್ಧ ವರ್ಷ ನಡೆದು ಮುಗಿಸಿರುತ್ತಿತ್ತು. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ, ಬಸ್ ಪಾಸ್ ಪಡೆದವರಿಗೆ ಸೈಕಲ್ಲು ಇರಲಿಲ್ಲ. ಹಾಸ್ಟೆಲಿನಲ್ಲಿರುವವರು ಹೆಚ್ಚಾಗಿ ಯಾರ ಮಕ್ಕಳೆಂದು ನಿಮಗೆ ಗೊತ್ತು. ಕೆಟ್ಟ ಸೈಕಲ್ಲು ಕೊಟ್ಟು, ಅದು ಮನೆಯ ಹಿಂದೆ ತುಕ್ಕು ಹಿಡಿದು ನಿಂತಾಗ, ನೋಡಿ ಮಕ್ಕಳಿಗೆ ಸೈಕಲ್ಲೇ ಬೇಡವಾಗಿದೆ ಎಂದು ಹೇಳುವುದು ಅನ್ಯಾಯ. ಪಂಕ್ಚರ್ ಹಾಕಿಸಲು ಪೇಟೆಗೆ ಹೋಗಬೇಕಾದ ಹಳ್ಳಿಯಲ್ಲಿ ಕೂಲಿಯವನ ಮಗ ಸೈಕಲ್ಲನ್ನು ಹೇಗೆ ಉಳಿಸಿಕೊಳ್ಳುತ್ತಾನೆ? ಸೈಕಲ್ ಕೊಡುವುದರ ಜೊತೆಗೆ ಸೈಕಲ್ ನಡೆಯುವಂತೆ ನೋಡಿಕೊಳ್ಳುವ ಏರ್ಪಾಡೂ ಬೇಕು. ಈ ಪತ್ರದ ಎರಡನೆಯ ಬೇಡಿಕೆ ಅದು.

ಒಂದು ಕಾಲದಲ್ಲಿ ನಮ್ಮ ಹೋಬಳಿ ಊರುಗಳಲ್ಲೆಲ್ಲ ಬಾಡಿಗೆ ಸೈಕಲ್ ಅಂಗಡಿ ಇರುತ್ತಿತ್ತು. ಸ್ವಂತ ಸೈಕಲ್ಲು ಕೊಳ್ಳಲಾಗದವನು ಗಂಟೆ ಲೆಕ್ಕದಲ್ಲಿ ಎಂಟಾಣೆ, ಒಂದು ರೂಪಾಯಿ ಕೊಟ್ಟು ಒಯ್ಯುತ್ತಿದ್ದ. ಒಳಪೆಡಲು ತುಳಿಯುತ್ತಾ ಮಂಡಿ ತರಚಿಕೊಂಡು ಸೈಕಲ್ ಕಲಿತವರೆಲ್ಲ ಆ ಅಂಗಡಿಗಳ ಸೈಕಲ್ಲಿನಲ್ಲೇ ಕಲಿತವರು. ಬೈಕು ಬಂದ ಮೇಲೆ ಅವು ಮುಚ್ಚಿದವು. ಬೈಕು ಕೊಳ್ಳಲಾಗದವರ ಬಗ್ಗೆ ಆಗ ಯಾರೂ ಯೋಚಿಸಲಿಲ್ಲ. ಆ ಏರ್ಪಾಡನ್ನು ಈಗ ಪಂಚಾಯಿತಿ ಮಾಡಬೇಕೆಂದು ಕೇಳುತ್ತಿದ್ದೇನೆ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನಲ್ಲಿ ಸುಮಾರು 450 ಸಾರ್ವಜನಿಕ ಸೈಕಲ್ಲುಗಳನ್ನು ಇಡಲಾಯಿತು, ಜಾಗತಿಕ ಪರಿಸರ ನಿಧಿಯ ನೆರವೂ ಅದಕ್ಕೆ ಸಿಕ್ಕಿತು. ಅರಮನೆ ನೋಡಲು ಬಂದವರಿಗೂ ಮೈಸೂರಿನ ನಿವಾಸಿಗಳಿಗೂ ಅದು ಒಳ್ಳೆಯದೇ. ಆದರೆ ಅರವತ್ತು ಕಿಲೋಮೀಟರ್ ಈಚೆಗೆ, ಸೈಕಲ್ಲಿಲ್ಲದೆ ಕೂಲಿಯೇ ತಪ್ಪಿಹೋಗುವ ಜನರಿರುವಲ್ಲಿ, ಅಂಥದ್ದೊಂದು ಯೋಚನೆ ಇನ್ನೂ ಬಂದಿಲ್ಲ.

ಕೂಲಿ ತಪ್ಪುವುದು ಹೇಗೆ ಎಂದು ಹೇಳುತ್ತೇನೆ. ನಮ್ಮ ಹೆಂಗಸರು ದೂರದ ತೋಟಗಳಿಗೆ ಹೋಗುವುದು ಮೇಸ್ತ್ರಿ ಕಳಿಸುವ ಲಗೇಜ್ ಆಟೊದಲ್ಲಿ. ಹತ್ತು ಮಂದಿ ಕೂರುವ ಜಾಗದಲ್ಲಿ ಇಪ್ಪತ್ತು ಮಂದಿ ನಿಂತಿರುತ್ತಾರೆ. ಆಟೊ ಮಗುಚಿದ ಸುದ್ದಿ ಬಂದಾಗಲೆಲ್ಲ ಊರು ಉಸಿರು ಬಿಗಿಹಿಡಿಯುತ್ತದೆ. ಆಟೊದವನು ಕರೆದ ಹೊತ್ತಿಗೆ ಹೋಗಬೇಕು, ಬಿಟ್ಟಾಗ ಬರಬೇಕು, ಅವನು ಹೇಳಿದ ತೋಟಕ್ಕೇ ಹೋಗಬೇಕು, ಅಲ್ಲಿ ಕೊಟ್ಟಷ್ಟೇ ಕೂಲಿ. ಪಕ್ಕದ ಊರಿನಲ್ಲಿ ಐವತ್ತು ರೂಪಾಯಿ ಹೆಚ್ಚಿದ್ದರೂ ಹೋಗುವ ದಾರಿ ಇಲ್ಲ. ಸೈಕಲ್ಲು ಗೊತ್ತಿರುವ ಹೆಂಗಸಿಗೆ ಆರೇಳು ಕಿಲೋಮೀಟರ್ ಸುತ್ತಿನ ತೋಟಗಳೆಲ್ಲ ಕೈಗೆಟುಕುತ್ತವೆ. ಅವಳು ಯಾರ ಹಂಗಿಗೂ ಬೀಳಬೇಕಿಲ್ಲ. ಕೇರಿಯ ಗಂಡಸರಲ್ಲಿ ಸೈಕಲ್ ಓಡಿಸುವವರು ಇದ್ದಾರೆ, ಹೆಂಗಸರಿಗೆ ಮಾತ್ರ ಯಾರೂ ಕಲಿಸಲಿಲ್ಲ.

ಇದು ಆಗದ ಮಾತೇನಲ್ಲ. ತಮಿಳುನಾಡಿನ ಪುದುಕೋಟೆಯಲ್ಲಿ 1991-92ರಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ಆಗಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಹೊಲದ ಕೂಲಿಯವರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು ಸೇರಿ ಒಂದು ಲಕ್ಷದ ಆಸುಪಾಸು ಹೆಂಗಸರು ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಬರೆದಿದ್ದಾರೆ. ಲೇಡೀಸ್ ಸೈಕಲ್ಲು ಸಾಲದೆ ಹೆಂಗಸರು ಗಂಡಸರ ಸೈಕಲ್ಲನ್ನೇ ತುಳಿದರಂತೆ, ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಅದನ್ನೇ ಇಷ್ಟಪಟ್ಟವರೂ ಇದ್ದರಂತೆ. ಪುದುಕೋಟೆಯ ಹೆಂಗಸರಿಗೆ ಆದದ್ದು ನಮ್ಮ ಕರಿಕಲ್ಲಿನ ನಾಡಿನ ಹೆಂಗಸರಿಗೂ ಆಗುತ್ತದೆ.

ಆದ್ದರಿಂದ ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ, ಪುಸ್ತಕ ಕೊಡುವ ಹಾಗೆಯೇ, ಹೆಸರು ಬರೆದುಕೊಂಡು ಕೊಡುವ ಇಪ್ಪತ್ತು ಮೂವತ್ತು ಸೈಕಲ್ಲುಗಳಿರಲಿ. ಪಂಪು, ಸ್ಪ್ಯಾನರು, ಪಂಕ್ಚರ್ ಸಾಮಾನು ಅಲ್ಲಿಯೇ ಇರಲಿ. ಊರಿನ ಒಬ್ಬ ಯುವಕನಿಗೋ ಯುವತಿಗೋ ರಿಪೇರಿ ತರಬೇತಿ ಕೊಟ್ಟು ಸಂಬಳಕ್ಕೆ ಇಟ್ಟುಕೊಳ್ಳಿ. ಸಂಜೆ ಶಾಲೆಯ ಮೈದಾನದಲ್ಲಿ ಹೆಂಗಸರಿಗೆ ಸೈಕಲ್ ಕಲಿಸುವ ಕೆಲಸವನ್ನು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಿಗೆ ವಹಿಸಿ. 2013ರ ಕಾಯ್ದೆಯಂತೆ ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕಂತೆ ಶೇ 24.1ರಷ್ಟು ಅಭಿವೃದ್ಧಿ ಹಣ ತೆಗೆದಿಡುವ ರಾಜ್ಯ ನಮ್ಮದು. ಆ ಹಣ ನೇರವಾಗಿ ಕೇರಿಯ ಮನುಷ್ಯನ ಕೈ ಮುಟ್ಟುವ ದಾರಿಗಳಲ್ಲಿ ಇದೂ ಒಂದು. ಸೈಕಲ್ಲುಗಳ ಉಸ್ತುವಾರಿ ಸಮಿತಿಯಲ್ಲಿ ಕಾಲೊನಿಯ ಹೆಂಗಸರು ಇರಲೇಬೇಕು. ಇಲ್ಲದಿದ್ದರೆ ಆ ಸೈಕಲ್ಲುಗಳೂ ಊರೊಳಗೇ ಉಳಿಯುತ್ತವೆ, ಅದನ್ನು ನಾನು ಇಲ್ಲಿ ಬದುಕಿದ ಅನುಭವದಿಂದ ಹೇಳುತ್ತೇನೆ.

ಎಲ್ಲ ಕಡೆಗೂ ಸೈಕಲ್ಲೇ ಮದ್ದಲ್ಲ. ಬಿಳಿಗಿರಿರಂಗನ ಬೆಟ್ಟದ, ಮಾದಪ್ಪನ ಬೆಟ್ಟದ ಕಾಡಿನೊಳಗಿನ ಸೋಲಿಗರ ಪೋಡುಗಳಿಂದ, ಬಂಡೀಪುರದಂಚಿನ ಜೇನುಕುರುಬರ ಹಾಡಿಗಳಿಂದ ಆನೆ ಓಡಾಡುವ ದಾರಿಯಲ್ಲಿ ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸಲಾಗದು. ಅಲ್ಲಿಗೆ ಜೀಪು ಕೊಡಿ, ಹಾಸ್ಟೆಲು ಸರಿಪಡಿಸಿ. ನಮ್ಮ ಬಯಲ ರಸ್ತೆಗಳಲ್ಲಿ ಆನೆಗಿಂತ ಟಿಪ್ಪರಿನ ಭಯ ಹೆಚ್ಚು. ಶಾಲೆ ಆರಂಭವಾಗುವ, ಬಿಡುವ ಹೊತ್ತಿನಲ್ಲಿ ಕ್ವಾರಿ ಮತ್ತು ಕ್ರಷರಿನ ಲಾರಿಗಳನ್ನು ಜಿಲ್ಲಾಡಳಿತ ತಡೆಯಬೇಕು. ಡಾಂಬರಿನ ಪಕ್ಕದ ಮಣ್ಣಿನ ಅಂಚನ್ನು ಸೈಕಲ್ಲು ಹೋಗುವಷ್ಟು ಅಗಲಕ್ಕೆ ಮಟ್ಟಮಾಡಿಕೊಡಬೇಕು. ಗುಂಡ್ಲುಪೇಟೆಯ ಮೇಲೆ ಊಟಿಗೆ ಹೋಗುವ ಹೆದ್ದಾರಿಯಲ್ಲಿ 2008ರಿಂದ ‘ಟೂರ್ ಆಫ್ ನೀಲ್ಗಿರೀಸ್’ ಸೈಕಲ್ ಸವಾರರು ಸಾಗುವಾಗ ಅವರಿಗೆ ದಾರಿ ಮಾಡಿಕೊಡುವ ವ್ಯವಸ್ಥೆ ಇರುತ್ತದೆ. ಅವರ ಸವಾರಿಯನ್ನು ನಮ್ಮ ಮಕ್ಕಳು ಕೈಬೀಸಿ ಹುರಿದುಂಬಿಸುತ್ತಾರೆ. ಅದೇ ಕಾಳಜಿ ಈ ಮಕ್ಕಳಿಗೆ ದಿನವೂ ಸಿಗಬೇಕು.

ಬರುವ ಬಜೆಟ್ಟಿನಲ್ಲಿ ಹಣ ಇಡಿ. ಟೆಂಡರನ್ನು ಮಾರ್ಚ್‌ಗೆ ಮುಂಚೆಯೇ ಮುಗಿಸಿ, ಶಾಲೆ ಆರಂಭವಾದ ವಾರದಲ್ಲೇ ಸೈಕಲ್ಲು ಕೈಗೆ ಕೊಡಿ. ಹಾಸ್ಟೆಲಿನ ಮಕ್ಕಳನ್ನು ಹೊರಗಿಡಬೇಡಿ. ಗುಣಮಟ್ಟ ಪರೀಕ್ಷೆ ಮಾಡಿದ ವರದಿಯನ್ನು ಶಾಲೆಯ ಗೋಡೆಗೆ ಅಂಟಿಸಿ. ಕೋವಿಡ್ ಕಾಲದಿಂದ ಸೈಕಲ್ಲು ತಪ್ಪಿದ ಮಕ್ಕಳಿಗೆ ಆ ವರ್ಷಗಳನ್ನು ಯಾರೂ ತಿರುಗಿ ಕೊಡಲಾರರು. ಈಗ ಏಳನೇ ತರಗತಿಯಲ್ಲಿ ಕೂತಿರುವವರಿಗಾದರೂ ಕೊಡಬಹುದು.

ಈ ಪತ್ರ ಓದುತ್ತಿರುವ ತಂದೆತಾಯಿಗಳೇ, ಶಾಲಾಭಿವೃದ್ಧಿ ಸಮಿತಿಯವರೇ, ಪಂಚಾಯಿತಿ ಸದಸ್ಯರೇ, ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ. ಎಷ್ಟು ಮಕ್ಕಳು ಎಷ್ಟು ದೂರ ನಡೆಯುತ್ತಿದ್ದಾರೆ ಎಂದು ಬೀದಿವಾರು ಬರೆಸಿ, ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ಮುಖ್ಯಮಂತ್ರಿಗಳ ಕಚೇರಿಗೆ ಕಳಿಸಿ. ಉಡಿಗಾಲದಿಂದ ನಾವೂ ಕಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಉಡಿಗಾಲ, ಚಾಮರಾಜನಗರ ತಾಲ್ಲೂಕು